ಇಂಗ್ಲಿಷ್ ಗ್ರಾಮರಿನ ಪರೀಕ್ಷೆ: ಕರ್ತೃ ಯಾರು?

ಎಸ್ಸೆಸ್ಸೆಲ್ಸಿ ಫೇಲಾದ ಹಳ್ಳಿ ಹುಡುಗನನ್ನು ‘ಯಾವುದರಲ್ಲಿ ಹೋಯ್ತು?’ ಅಂತ ಯಾರೂ ಕೇಳೋದಿಲ್ಲ. ಒಂದೋ ಲೆಕ್ಕ, ಇಲ್ಲಾ ಇಂಗ್ಲಿಷು ಅಂತ ಊರಿಗೆಲ್ಲ ಗೊತ್ತು. ಇಂಗ್ಲಿಷಿನಲ್ಲಿ ಹೋದವನಿಗೆ ‘ಗ್ರಾಮರ್ ಹತ್ತೋದಿಲ್ಲ’ ಅನ್ನುತ್ತಾರೆ. ಗ್ರಾಮರ್ ಎನ್ನುವುದು ಕೆಲವರ ರಕ್ತದಲ್ಲಿ ಹುಟ್ಟಿನಿಂದಲೇ ಹರಿದುಬಂದಿದೆ, ಉಳಿದವರಿಗೆ ಅದು ದಕ್ಕುವ ವಸ್ತುವಲ್ಲ ಎಂಬಷ್ಟು ಸಲೀಸಾಗಿ ಈ ಮಾತು ಬರುತ್ತದೆ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಿರಿ ಎಂದ ಶಾಸ್ತ್ರದ ನಾಲಗೆಯೇ ಇಲ್ಲಿ ಪ್ಯಾಂಟು ಷರಟು ಹಾಕಿಕೊಂಡು ಮಾತಾಡುತ್ತಿದೆ.

ಇಂಗ್ಲಿಷ್ ವ್ಯಾಕರಣ ದೇವಲೋಕದಿಂದ ಇಳಿದದ್ದಲ್ಲ. ಅದನ್ನು ಬರೆದವರು ಮನುಷ್ಯರು. ಪರೀಕ್ಷೆಗೆ ಇಟ್ಟವರು ಮನುಷ್ಯರು. ಪರೀಕ್ಷೆಯ ಬಾಗಿಲಲ್ಲಿ ನಿಂತು ಇವನು ಬರಬಹುದು, ಅವನು ಬರಬಾರದು ಎಂದವರೂ ಮನುಷ್ಯರೇ. ಈ ಚರಿತ್ರೆ ಗೊತ್ತಿಲ್ಲದ ನಮ್ಮ ಮಕ್ಕಳು ಪ್ರಶ್ನೆಪತ್ರಿಕೆಯ ಮುಂದೆ ನಡುಗುತ್ತಾರೆ. ಗೊತ್ತಾದರೆ ನಡುಕ ಹೋಗಿ ಸಿಟ್ಟು ಬರುತ್ತದೆ. ಸಿಟ್ಟು ಬಂದವನು ಕಲಿಯುತ್ತಾನೆ.

1

ಮೊದಲು ಇಂಗ್ಲೆಂಡಿನ ಮಾತು ನೋಡೋಣ. ಅಲ್ಲಿನ ಬಡವನಿಗಾದರೂ ಈ ವ್ಯಾಕರಣ ತಾಯಿಯ ಹಾಲಿನ ಜೊತೆ ಬಂದಿತ್ತೇ? ಇಲ್ಲ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ಇಂಗ್ಲಿಷಿಗೆ ಒಂದು ವ್ಯಾಕರಣ ಬರೆದ. ಮುಂದೆ ಬಿಷಪ್ ಆದವನು ಈತ. ದೊಡ್ಡ ದೊಡ್ಡ ಕವಿಗಳ ಬರಹದಲ್ಲೂ ತಪ್ಪು ಹೆಕ್ಕಿ ತೋರಿಸಿದ. ಆಮೇಲೆ ‘ಸರಿಯಾದ ಇಂಗ್ಲಿಷು’ ಎನ್ನುವುದು ದೊಡ್ಡಮನುಷ್ಯರ ಗುರುತಾಯಿತು. ಹೊಲದಲ್ಲಿ ದುಡಿಯುವವನ, ಗಿರಣಿಯಲ್ಲಿ ಬೇಯುವವನ ಮಾತು ‘ಹೊಲಸು ಮಾತು’ ಎನಿಸಿಕೊಂಡಿತು. 1793ರಲ್ಲಿ ಶೆಫೀಲ್ಡ್ ಊರಿನ ಜನ ಮತದ ಹಕ್ಕಿನ ಸುಧಾರಣೆ ಬೇಕೆಂದು ಪಾರ್ಲಿಮೆಂಟಿಗೆ ಅರ್ಜಿ ಹಾಕಿದರೆ, ಅದರ ಭಾಷೆ ಸಭೆಗೆ ಗೌರವ ತರುವಂಥದ್ದಲ್ಲ ಎಂದು ಅರ್ಜಿಯನ್ನು ಸ್ವೀಕರಿಸಲೇ ಇಲ್ಲ. ಬೇಡಿಕೆಗೆ ಉತ್ತರ ಕೊಡುವ ಗೋಜಿಗೇ ಹೋಗದೆ, ಬೇಡಿದ ಭಾಷೆಯನ್ನು ಹಿಡಿದುಕೊಂಡರು. ಈ ತಂತ್ರ ನಮಗೇನೂ ಹೊಸದಲ್ಲ, ಅಲ್ಲವಾ?

ಇದಕ್ಕೆ ಉತ್ತರ ಕೊಟ್ಟವನು ವಿಲಿಯಂ ಕಾಬೆಟ್. ಸಣ್ಣ ರೈತನ ಮಗ. ಬಾಲ್ಯದಲ್ಲಿ ಹೊಲದಲ್ಲಿ ಹಕ್ಕಿ ಓಡಿಸಿದವನು, ನೇಗಿಲ ಹಿಂದೆ ನಡೆದವನು. ಸೈನ್ಯಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದಾಗ ದಿನಕ್ಕೆ ಆರು ಪೆನ್ಸ್ ಕೂಲಿ. ಕಾಗದ ಕೊಳ್ಳಬೇಕೆಂದರೆ ಆವತ್ತು ಅರೆಹೊಟ್ಟೆ. ಮಲಗುವ ಹಾಸಿಗೆಯ ಅಂಚೇ ಕುರ್ಚಿ, ಬೆನ್ನಿಗೆ ಕಟ್ಟುವ ಚೀಲವೇ ಪುಸ್ತಕದ ಕಪಾಟು. ಅದೇ ಲೌತನ ವ್ಯಾಕರಣವನ್ನು ಕೈಯಲ್ಲಿ ಮತ್ತೆ ಮತ್ತೆ ನಕಲು ಮಾಡಿ ಬಾಯಿಪಾಠ ಮಾಡಿದ. ಪಹರೆ ನಿಂತಾಗಲೆಲ್ಲ ಮನಸ್ಸಿನಲ್ಲೇ ಒಪ್ಪಿಸುತ್ತಿದ್ದ. ಮುಂದೆ ಪತ್ರಿಕೆ ನಡೆಸಿ, ಸಿಪಾಯಿಗಳಿಗೆ ಚಾಟಿಯೇಟು ಕೊಟ್ಟದ್ದನ್ನು ಖಂಡಿಸಿ ಬರೆದದ್ದಕ್ಕೆ 1810ರಲ್ಲಿ ಎರಡು ವರ್ಷ ಜೈಲು ಕಂಡ. ಮತ್ತೆ ಜೈಲು ಬೀಳುವ ಹೊತ್ತಿಗೆ, 1817ರಲ್ಲಿ, ಅಮೆರಿಕಕ್ಕೆ ಹೋಗಿ ಅಲ್ಲಿ ಕೂತು ತಾನೇ ಒಂದು ಇಂಗ್ಲಿಷ್ ವ್ಯಾಕರಣ ಬರೆದ. 1818ರಲ್ಲಿ ಅದು ಅಚ್ಚಾಯಿತು. ಮಗನಿಗೆ ಬರೆದ ಪತ್ರಗಳ ರೂಪದಲ್ಲಿದೆ. ಆದರೆ ಯಾರಿಗಾಗಿ ಎಂದು ಅವನೇ ಹೇಳಿದ್ದಾನೆ: ಸಿಪಾಯಿಗಳಿಗೆ, ನಾವಿಕರಿಗೆ, ಕಸುಬು ಕಲಿಯುವ ಹುಡುಗರಿಗೆ, ನೇಗಿಲು ಹಿಡಿದ ಮಕ್ಕಳಿಗೆ.

ಆ ಪುಸ್ತಕದ ಸ್ವಾರಸ್ಯ ಒಂದಿದೆ. ತಪ್ಪು ವಾಕ್ಯಗಳಿಗೆ ಉದಾಹರಣೆಗಳನ್ನು ಕಾಬೆಟ್ ಹಳ್ಳಿಯವರ ಬಾಯಿಂದ ತೆಗೆಯಲಿಲ್ಲ. ರಾಜನ ಭಾಷಣದಿಂದ, ಮಂತ್ರಿಗಳ ಪತ್ರಗಳಿಂದ, ದೊಡ್ಡ ಪಂಡಿತರ ಗ್ರಂಥಗಳಿಂದ ಹೆಕ್ಕಿದ. ನಮ್ಮನ್ನಾಳುವವರಿಗೇ ನೆಟ್ಟಗೆ ಒಂದು ವಾಕ್ಯ ಬರೆಯೋಕೆ ಬರೋದಿಲ್ಲ ನೋಡಿ ಅಂದ. ವ್ಯಾಕರಣ ಕಲಿಯದವನು ಅದನ್ನು ಬಲ್ಲವರಿಗಿಂತ ಕಡಿಮೆಯ ಮನುಷ್ಯ ಎಂಬ ಭ್ರಮೆಯನ್ನು ವ್ಯಾಕರಣದಿಂದಲೇ ಒಡೆದ. ಬಂಡಾಯದವರು ಈ ಪುಸ್ತಕವನ್ನು ಮರೆಯಬಾರದು.

2

ಈ ವ್ಯಾಕರಣ ನಮ್ಮ ನೆಲಕ್ಕೆ ಬಂದ ಬಗೆ ಬೇರೆ. ಬಂದ ಹೊಸದರಲ್ಲಿ ಕಲಿಯಬೇಕಾಗಿದ್ದವರು ಸಾಹೇಬರೇ. ವಿಲಿಯಂ ಕೇರಿ 1817ರಲ್ಲಿ, ಜಾನ್ ಮೆಕೆರೆಲ್ 1820ರಲ್ಲಿ ಕನ್ನಡ ವ್ಯಾಕರಣಗಳನ್ನು ಇಂಗ್ಲಿಷಿನಲ್ಲಿ ಬರೆದರು. ಕಂಪನಿಯ ಎಳೆಯ ಅಧಿಕಾರಿಗಳು ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಕನ್ನಡ, ತಮಿಳು, ತೆಲುಗು ಕಲಿತು ಪರೀಕ್ಷೆ ಕೊಡಬೇಕಿತ್ತು. ಆದರೆ ಅವರ ಪರೀಕ್ಷೆಗೂ ನಮ್ಮ ಪರೀಕ್ಷೆಗೂ ಒಂದು ವ್ಯತ್ಯಾಸ. ಕನ್ನಡ ಕಲಿಯುವ ಸಾಹೇಬನಿಗೆ ಸಂಬಳವಿತ್ತು, ಮುನ್ಷಿ ಇದ್ದ. ಇಂಗ್ಲಿಷ್ ಕಲಿಯಬೇಕಾದ ನಮ್ಮವನಿಗೆ ಶಾಲೆಯ ಜಗಲಿಯೂ ಇರಲಿಲ್ಲ.

1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂತು. ಸರ್ಕಾರಕ್ಕೂ ಕೋಟಿಗಟ್ಟಲೆ ಜನಕ್ಕೂ ನಡುವೆ ದುಭಾಷಿಗಳಾಗಿ ನಿಲ್ಲುವ ಒಂದು ವರ್ಗವನ್ನು ಇಂಗ್ಲಿಷಿನಿಂದ ತಯಾರು ಮಾಡಬೇಕು ಎಂದ. ಮೇಲಿನವರಿಗೆ ಕಲಿಸಿದರೆ ವಿದ್ಯೆ ಕೆಳಗೆ ತೊಟ್ಟಿಕ್ಕುತ್ತದೆ ಎಂಬುದು ಆ ಕಾಲದ ಲೆಕ್ಕಾಚಾರ. 1844ರಲ್ಲಿ ಹಾರ್ಡಿಂಜ್ ಇಂಗ್ಲಿಷ್ ಕಲಿತವರಿಗೆ ಸರ್ಕಾರಿ ನೌಕರಿಯಲ್ಲಿ ಮೊದಲ ಅವಕಾಶ ಎಂದು ಸಾರಿದ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದವು. ಪ್ರವೇಶ ಪರೀಕ್ಷೆ ಬಂತು, ಅದರಲ್ಲಿ ಇಂಗ್ಲಿಷು ಕಡ್ಡಾಯ. ನೌಕರಿಯ ಬಾಗಿಲಿಗೆ ಗ್ರಾಮರಿನ ಬೀಗ ಬಿತ್ತು. ಬೀಗದ ಕೈ ಯಾರ ಜನಿವಾರಕ್ಕೆ ಕಟ್ಟಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನೂರಾರು ವರ್ಷ ಓದು ಬರಹವನ್ನು ಮನೆತನದ ಆಸ್ತಿ ಮಾಡಿಕೊಂಡವರು ಸಂಸ್ಕೃತದ ಬಾಯಿಪಾಠದಿಂದ ಇಂಗ್ಲಿಷಿನ ಬಾಯಿಪಾಠಕ್ಕೆ ಹಾರಿದರು. ವಿದ್ಯೆ ಕೆಳಗೆ ತೊಟ್ಟಿಕ್ಕಲೇ ಇಲ್ಲ.

ತೊಟ್ಟಿಕ್ಕದಂತೆ ತಡೆದದ್ದು ಹೇಗೆ ಎಂಬುದಕ್ಕೆ ಸಾಕ್ಷಿ ನಮ್ಮ ಧಾರವಾಡದಲ್ಲೇ ಇದೆ. 1856ರ ಜೂನ್‌ನಲ್ಲಿ ಒಬ್ಬ ಮಹಾರ್ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ವಿಷಯ ಮುಂಬಯಿ ಸರ್ಕಾರಕ್ಕೆ ಹೋಯಿತು. ಜುಲೈನಲ್ಲಿ ಸರ್ಕಾರ ಕೊಟ್ಟ ತೀರ್ಮಾನದ ಸಾರ ಇಷ್ಟು: ನ್ಯಾಯ ಮಹಾರ್ ಅರ್ಜಿದಾರನ ಕಡೆಯೇ ಇದೆ, ಆದರೆ ಇಲ್ಲಿಯತನಕ ಹೀಗೆ ಕೇಳಿ ಬಂದವನು ಇವನೊಬ್ಬನೇ, ಇವನೊಬ್ಬನಿಗಾಗಿ ಮೇಲ್ಜಾತಿಯ ಮಕ್ಕಳ ಜೊತೆ ಬಲವಂತವಾಗಿ ಕೂರಿಸಿದರೆ ಶಾಲೆಯೇ ಬಹುಜನಕ್ಕೆ ಉಪಯೋಗವಿಲ್ಲದಂತಾದೀತು. ನ್ಯಾಯ ನಿನ್ನದು, ಶಾಲೆ ಅವರದು! ಮುಂದಿನ ವರ್ಷ ಇಂಡಿಯಾ ಸರ್ಕಾರ ಇದಕ್ಕೆ ಆಕ್ಷೇಪ ಎತ್ತಿತು. 1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ಸೇರಿದವು ಎಂದು ಬರೆದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಊರಲ್ಲಿ ಮುಚ್ಚಿಯೇ ಇತ್ತು. 1928ರಲ್ಲಿ ಸೈಮನ್ ಕಮಿಷನ್ನಿಗೆ ಮನವಿ ಕೊಡುವಾಗ ಅಂಬೇಡ್ಕರರು ಧಾರವಾಡದ ಈ ಪ್ರಕರಣವನ್ನು ಎತ್ತಿ ಇಟ್ಟರು. ಎಪ್ಪತ್ತು ವರ್ಷದ ಹಿಂದಿನ ಆ ಹುಡುಗನ ಅರ್ಜಿಗೆ ಅವರು ವಕೀಲರಾಗಿ ನಿಂತರು ಎಂದೇ ನಾವು ತಿಳಿಯಬೇಕು.

3

ಇನ್ನು ಆ ಗ್ರಾಮರ್ ಪುಸ್ತಕ ಬರೆದವರನ್ನು ನೋಡೋಣ. ನಮ್ಮ ಹಿಂದಿನ ತಲೆಮಾರಿನ ಮೇಷ್ಟ್ರುಗಳಿಗೆ ‘ರೆನ್ ಅಂಡ್ ಮಾರ್ಟಿನ್’ ಅಂದರೆ ಪಂಚಾಂಗ ಇದ್ದಂತೆ. ಆ ರೆನ್ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವನು, ಆಮೇಲೆ ಸಾಹಸದ ಕಾದಂಬರಿಗಳನ್ನು ಬರೆದು ಹೆಸರಾದವನು. ಅವನಿಗೂ ಮೊದಲು ಇಲ್ಲಿನ ಹೈಸ್ಕೂಲುಗಳನ್ನು ಆಳಿದ್ದು ನೆಸ್‌ಫೀಲ್ಡ್ ಗ್ರಾಮರು. ಜೆ. ಸಿ. ನೆಸ್‌ಫೀಲ್ಡ್ ವಾಯವ್ಯ ಪ್ರಾಂತ್ಯ ಮತ್ತು ಔಧ್‌ನಲ್ಲಿ, ಅಂದರೆ ಇವತ್ತಿನ ಉತ್ತರಪ್ರದೇಶದ ಕಡೆ, ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿ. ಅವನ ವ್ಯಾಕರಣದ ಕೈಪಿಡಿ 1898ರಲ್ಲಿ ಬಂತು.

ಈ ಮನುಷ್ಯ ಬರೆದ ಇನ್ನೊಂದು ಪುಸ್ತಕ ಗ್ರಾಮರ್ ಮೇಷ್ಟ್ರುಗಳ ಕಣ್ಣಿಗೆ ಬಿದ್ದಿಲ್ಲ. 1885ರಲ್ಲಿ ಅಲಹಾಬಾದಿನಲ್ಲಿ ಅಚ್ಚಾದ ಅದರ ವಿಷಯ ಜಾತಿ ಪದ್ಧತಿ! ಜಾತಿಗೆ ಬುಡ ರಕ್ತವಲ್ಲ, ಜನಾಂಗವಲ್ಲ, ಕಸುಬು ಮಾತ್ರ ಎಂದು ಅವನು ವಾದಿಸಿದ. ಯಾವ ಕಸುಬು ಹಳೆಯ ಕಾಲದ್ದೋ, ಒರಟೋ, ಆ ಜಾತಿ ಕೆಳಗೆ; ಯಾವುದು ನಾಗರಿಕವೋ ಆ ಜಾತಿ ಮೇಲೆ ಎಂದು ಜೋಡಿಸಿದ.

ಈಗ ಅವನ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗ್ರಾಮರ್ ಪುಸ್ತಕದಲ್ಲಿ ಪದಗಳನ್ನು ನಾಮಪದ, ಕ್ರಿಯಾಪದ, ಗುಣವಾಚಕ ಅಂತ ವಿಂಗಡಿಸುತ್ತಾರೆ. ಒಂದು ಪದ ಯಾವ ಗುಂಪಿಗೆ ಸೇರಿದ್ದು? ವಾಕ್ಯದಲ್ಲಿ ಅದು ಮಾಡುವ ಕೆಲಸ ನೋಡಿ ಹೇಳಬೇಕು. ‘ವಾಟರ್’ ಎಂಬ ಪದ ಒಂದು ವಾಕ್ಯದಲ್ಲಿ ನೀರು, ನಾಮಪದ. ಇನ್ನೊಂದರಲ್ಲಿ ಗಿಡಕ್ಕೆ ನೀರು ಹಾಕು, ಕ್ರಿಯಾಪದ. ಕೆಲಸ ಬದಲಾದರೆ ಗುಂಪು ಬದಲು. ಯಾವ ಪದವೂ ಹುಟ್ಟಿನಿಂದ ನಾಮಪದವಲ್ಲ, ಹುಟ್ಟಿನಿಂದ ಕ್ರಿಯಾಪದವಲ್ಲ. ಆದರೆ ಮನುಷ್ಯನ ವಿಷಯಕ್ಕೆ ಬಂದರೆ? ಚಪ್ಪಲಿ ಹೊಲಿಯುವವನ ಮಗ ಮೇಷ್ಟ್ರಾದರೂ ಊರಿಗೆ ಅವನು ಅದೇ ಕೇರಿಯವನು. ಕಸುಬು ಬದಲಾದರೂ ಜಾತಿ ಬದಲಾಗೋದಿಲ್ಲ. ಕಸುಬೇ ಜಾತಿಯ ಬುಡ ಎನ್ನುವ ವಾದ ಇಲ್ಲೇ ಕುಸಿದುಬೀಳುತ್ತದೆ. ಇಂಗ್ಲಿಷ್ ಪದಗಳಿಗೆ ಇರುವ ಸ್ವಾತಂತ್ರ್ಯ ಈ ದೇಶದ ಮನುಷ್ಯನಿಗೆ ಇರಲಿಲ್ಲ.

ನೆಸ್‌ಫೀಲ್ಡನ ಜಾತಿಯ ವಿವರಣೆಯನ್ನು ತಿದ್ದಿದವರು ಯಾರು ಗೊತ್ತೇ? 1916ರ ಮೇ 9ರಂದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ಸೆಮಿನಾರಿನಲ್ಲಿ 25 ವರ್ಷದ ಭೀಮರಾವ್ ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಜಾತಿಗೆ ವ್ಯಾಖ್ಯಾನ ಕೊಟ್ಟ ಪಂಡಿತರನ್ನು ಒಬ್ಬೊಬ್ಬರನ್ನಾಗಿ ತೆಗೆದುಕೊಂಡು ಪರೀಕ್ಷೆ ಮಾಡಿದರು. ಅದರಲ್ಲಿ ನೆಸ್‌ಫೀಲ್ಡನೂ ಇದ್ದ. ಬೇರೆಯವರ ಜೊತೆ ಕೂತು ಉಣ್ಣದಿರುವುದನ್ನು ಅವನು ಜಾತಿಯ ಲಕ್ಷಣವೆಂದು ಒತ್ತಿ ಹೇಳಿದ್ದ. ಅಂಬೇಡ್ಕರರು ಇವನು ಪರಿಣಾಮವನ್ನೇ ಕಾರಣ ಎಂದು ತಪ್ಪು ತಿಳಿದಿದ್ದಾನೆ ಎಂದರು. ಒಳಗೊಳಗೇ ಮದುವೆಯಾಗುವ ಮುಚ್ಚಿದ ಗುಂಪು ಜಾತಿ. ಸಹಪಂಕ್ತಿ ಇಲ್ಲದಿರುವುದು ಆ ಮುಚ್ಚುವಿಕೆಯಿಂದ ಹುಟ್ಟಿದ್ದು ಎಂದು ತೋರಿಸಿದರು. ಒಂದು ದೇಶಕ್ಕೇ ವಾಕ್ಯ ತಿದ್ದಲು ಕಲಿಸಿದ ವ್ಯಾಕರಣಕಾರನ ವಾಕ್ಯವನ್ನು ಶಾಲೆಯಲ್ಲಿ ಗೋಣಿತಾಟಿನ ಮೇಲೆ ದೂರ ಕೂತು ಓದಿದ ಹುಡುಗ ತಿದ್ದಿದ.

4

ಅದು ಹೇಗೆ ಸಾಧ್ಯವಾಯಿತು? ಪವಾಡ ಏನೂ ನಡೆಯಲಿಲ್ಲ. ಅಪ್ಪ ರಾಮಜಿ ಸಕ್ಪಾಲ್ ಸೈನ್ಯದ ಸುಬೇದಾರ್, ಸೈನ್ಯದ ಶಾಲೆಯಲ್ಲಿ ಮೇಷ್ಟ್ರು. ಮಗನಿಗೆ ಹೊವಾರ್ಡನ ಇಂಗ್ಲಿಷ್ ಪಠ್ಯಗಳನ್ನೂ ತರ್ಖಡಕರರ ಭಾಷಾಂತರ ಪಾಠಮಾಲೆಯನ್ನೂ ಮನೆಯಲ್ಲೇ ಅರೆದು ಕುಡಿಸಿದರು. ಇಲ್ಲಿ ಒಂದು ಮಾತು ಮೇಷ್ಟ್ರುಗಳು ಗಮನಿಸಬೇಕು. ಬರೀ ನಿಯಮ ಒಪ್ಪಿಸಿ ಬಂದ ಇಂಗ್ಲಿಷಲ್ಲ ಇದು. ಮರಾಠಿಯ ವಾಕ್ಯಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದ ಯಾವುದು ಎಂದು ಹುಡುಕಿ ಹುಡುಕಿ ಬಂದದ್ದು. ತಾಯಿನುಡಿಯ ಹೆಗಲ ಮೇಲೆ ಕೂತು ಕಲಿತದ್ದು.

1907ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಅಂಬೇಡ್ಕರರು ಮೆಟ್ರಿಕ್ ಪಾಸಾದರು. ಬಂದ ಅಂಕ 750ಕ್ಕೆ 282. ನೂರಕ್ಕೆ 38ರಷ್ಟೂ ಆಗಲಿಲ್ಲ. ಕೇರಿಯ ಜನ ಸಭೆ ಸೇರಿಸಿ ಸನ್ಮಾನ ಮಾಡಿದರು. ಇವತ್ತು ಕಡಿಮೆ ಅಂಕ ಬಂದ ಹುಡುಗಿಗೆ ‘ನಿನ್ನ ಕೈಲಿ ಆಗೋದಿಲ್ಲ ಬಿಡಮ್ಮ’ ಅನ್ನುವ ಮೇಷ್ಟ್ರು ಈ ಅಂಕಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಲಿ. ಅದೇ ಶಾಲೆಯಲ್ಲಿ ಅವರು ಸಂಸ್ಕೃತ ಕಲಿಯಬೇಕೆಂದಿದ್ದರು, ಬಿಡಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ದೇವಭಾಷೆಯ ವ್ಯಾಕರಣಕ್ಕೆ ಬಾಗಿಲು ಮುಚ್ಚಿತ್ತು. ಮ್ಲೇಚ್ಛರ ಭಾಷೆಯ ವ್ಯಾಕರಣಕ್ಕೆ ಒಂದು ಬಿರುಕಾದರೂ ಇತ್ತು.

ಆ ಬಿರುಕನ್ನು ನಮ್ಮ ಹಿರಿಯರು ಮೊದಲೇ ಗುರುತಿಸಿದ್ದರು. ಸಾವಿತ್ರಿಬಾಯಿ ಫುಲೆ 1854ರ ತಮ್ಮ ಕವನ ಸಂಕಲನದಲ್ಲೇ ಇಂಗ್ಲಿಷನ್ನು ತಾಯಿ ಎಂದು ಕರೆದರು. ಜೋತಿಬಾ ಫುಲೆ 1882ರಲ್ಲಿ ಹಂಟರ್ ಕಮಿಷನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಮೇಲಿನಿಂದ ವಿದ್ಯೆ ಸೋಸಿ ಇಳಿಯುತ್ತದೆ ಎಂಬ ವಾದವನ್ನು ಹರಿದುಹಾಕಿದರು. ರೈತರು ಕೊಡುವ ಕಂದಾಯದಲ್ಲಿ ಮೇಲಿನವರ ಮಕ್ಕಳು ಓದುತ್ತಿದ್ದಾರೆ ಎಂದರು. ಕಾಲೇಜಿಗೆ ಹೋಗಲಾಗದೆ ಮನೆಯಲ್ಲೇ ಓದಿಕೊಂಡವರಿಗೂ ವಿಶ್ವವಿದ್ಯಾಲಯ ದೊಡ್ಡ ಪರೀಕ್ಷೆಗಳನ್ನು ಬರೆಯಲು ಬಿಡಬೇಕೆಂದು ಕೇಳಿದರು. ದುಡಿಯುತ್ತ ಓದುವವನ ಕಷ್ಟ ಗೊತ್ತಿದ್ದವರ ಮಾತು ಅದು.

ವ್ಯಾಕರಣ ಬಂದರೆ ಏನಾಗುತ್ತದೆ? ಅರ್ಜಿ ಬರೆಯಲು ಬರುತ್ತದೆ. 1890ರ ದಶಕದಲ್ಲಿ ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದಾಗ ಗೋಪಾಲಬಾಬಾ ವಲಂಗಕರ್ ಮನವಿ ಬರೆದರು. 1910ರಲ್ಲಿ ಪುಣೆಯ ಶಿವರಾಮ್ ಜಾನಬಾ ಕಾಂಬಳೆ ದಖನ್ನಿನ ಮಹಾರರ ಪರವಾಗಿ ಲಂಡನ್ನಿನ ಇಂಡಿಯಾ ಮಂತ್ರಿಗೇ ಇಂಗ್ಲಿಷಿನಲ್ಲಿ ಮನವಿ ಕಳಿಸಿದರು. ನಮ್ಮ ಕಡೆ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆಗೆದು, ಸ್ವಜಾತಿಯ ಬಹಿಷ್ಕಾರ ಉಂಡರು. ಅಕ್ಷರದಿಂದ ಅರ್ಜಿಗೆ, ಅರ್ಜಿಯಿಂದ ಹಕ್ಕಿಗೆ ಇದ್ದ ದಾರಿ ಇದು. ಶೆಫೀಲ್ಡಿನ ಜನಕ್ಕೆ ಆದದ್ದು ತಮಗಾಗಬಾರದು ಎಂದರೆ ಆಳುವವನ ವ್ಯಾಕರಣದಲ್ಲಿ ಒಂದೇ ಒಂದು ತಪ್ಪೂ ಸಿಗದಂತೆ ಬರೆಯಬೇಕಿತ್ತು.

5

ಹಾಗಂತ ಇಂಗ್ಲಿಷೇ ದೇವರು ಅಂತಲೇ? ಈ ಜಗಳ ನಮ್ಮಲ್ಲಿ ಹಳೆಯದು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡದಲ್ಲಿ ಬಂದಿರುವ ಬಹುಪಾಲು ಸಾಹಿತ್ಯ ಬೂಸಾ ಎಂದರು, ಇಂಗ್ಲಿಷ್ ಕಲಿಯಿರಿ ಎಂದರು. ಊರೂರಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆಯಿತು. ಮಂತ್ರಿ ಪದವಿ ಬಿಡಬೇಕಾಯಿತು. ಅಂದು ಕನ್ನಡದ ಮಾನಕ್ಕಾಗಿ ಬೀದಿಗಿಳಿದ ಅನೇಕರು ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದ್ದು ಆಮೇಲಿನ ಕಥೆ. ಆ ಹಲ್ಲೆಯ ಗಾಯದಿಂದಲೇ ದಲಿತ ಚಳವಳಿ ಎದ್ದಿತು ಎಂಬುದನ್ನು ಮರೆಯುವಂತಿಲ್ಲ. 1982ರ ಗೋಕಾಕ್ ಚಳವಳಿಯಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂತು. 2007ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ತಂದಾಗಲೂ ಬಂತು. 2010ರಲ್ಲಿ ಉತ್ತರಪ್ರದೇಶದ ಬಂಕಾ ಗ್ರಾಮದಲ್ಲಿ ದಲಿತರು ‘ಇಂಗ್ಲಿಷ್ ದೇವಿ’ಗೆ ಗುಡಿ ಕಟ್ಟಲು ಹೊರಟದ್ದೂ ಇದೇ ಹಸಿವಿನಿಂದ.

ಗುಡಿ ನಮಗೆ ಬೇಡ. ಗುಡಿ ಎಂದರೆ ಪೂಜಾರಿ ಹುಟ್ಟಿಕೊಳ್ಳುತ್ತಾನೆ. ಅಂಬೇಡ್ಕರರ ದಾರಿ ನೋಡಿ: ಸರ್ಕಾರದ ಜೊತೆ ಇಂಗ್ಲಿಷಿನಲ್ಲಿ ವಾದಿಸಿದರು, ತಮ್ಮ ಜನಕ್ಕಾಗಿ 1920ರಲ್ಲಿ ‘ಮೂಕನಾಯಕ’, 1927ರಲ್ಲಿ ‘ಬಹಿಷ್ಕೃತ ಭಾರತ’ ಪತ್ರಿಕೆಗಳನ್ನು ಮರಾಠಿಯಲ್ಲಿ ತೆಗೆದರು. ಎರಡು ಭಾಷೆ, ಎರಡು ಕೈ. ಕನ್ನಡ ನಮ್ಮ ಕೇರಿಯ ಉಸಿರು. ಅದನ್ನು ಬಿಟ್ಟು ಇಂಗ್ಲಿಷ್ ಕಲಿಯಬೇಕೆನ್ನುವವನೂ, ಕನ್ನಡದ ಹೆಸರಲ್ಲಿ ನಮಗೆ ಇಂಗ್ಲಿಷ್ ಬೇಡವೆನ್ನುವವನೂ ಒಂದೇ ಬಾಗಿಲ ಕಾವಲುಗಾರರು.

6

ಇವತ್ತು ಬೀಗದ ಹೆಸರು ಬದಲಾಗಿದೆ. ಹೊರದೇಶದಲ್ಲಿ ಓದಲು ಹೊರಟವರಿಗೆ 1989ರಲ್ಲಿ ಶುರುವಾದ ಐಇಎಲ್‌ಟಿಎಸ್ ಎಂಬ ಪರೀಕ್ಷೆ. ಶುಲ್ಕ 15,000 ರೂಪಾಯಿಗೂ ಮೇಲೆ. ಅಂಕ ಎರಡೇ ವರ್ಷ ಊರ್ಜಿತ. ಬರವಣಿಗೆಯ ಭಾಗಕ್ಕೆ ಒಂದು ಗಂಟೆ. 150 ಪದದ ಒಂದು, 250 ಪದದ ಒಂದು ಬರೆಯಬೇಕು. ನಾಲ್ಕು ಅಳತೆಗಳಲ್ಲಿ ತೂಗುತ್ತಾರೆ: ಕೇಳಿದ್ದಕ್ಕೆ ಉತ್ತರ ಬಂದಿದೆಯೇ, ಮಾತಿಗೆ ಮಾತು ಕೂಡುತ್ತದೆಯೇ, ಪದಸಂಪತ್ತು ಹೇಗಿದೆ, ವ್ಯಾಕರಣ ಹೇಗಿದೆ. ಅಂದರೆ ವ್ಯಾಕರಣಕ್ಕೆ ನಾಲ್ಕರಲ್ಲಿ ಒಂದು ಪಾಲು. ಉಳಿದ ಮೂರು ಪಾಲು ಯೋಚನೆ, ಜೋಡಣೆ, ಪದ. ‘ಗ್ರಾಮರ್ ಬರೋದಿಲ್ಲ’ ಎಂದು ಹೆದರಿ ಕೂತವರು ಈ ಲೆಕ್ಕ ನೋಡಬೇಕು.

ಆ ಒಂದು ಪಾಲನ್ನೂ ಕನ್ನಡದ ಹೆಗಲ ಮೇಲೆಯೇ ಕಲಿಸಬಹುದು. ಕನ್ನಡದಲ್ಲಿ ‘ಎ’, ‘ದ’ ಇಲ್ಲ, ಅದಕ್ಕೇ ಮಕ್ಕಳು ಎಡವುತ್ತಾರೆ ಅನ್ನುತ್ತಾರೆ. ಆದರೆ ‘ಪುಸ್ತಕ ಓದಿದೆ’ ಅಂದರೆ ಯಾವುದೋ ಒಂದು. ‘ಪುಸ್ತಕವನ್ನು ಓದಿದೆ’ ಅಂದರೆ ಸಾಮಾನ್ಯವಾಗಿ ನಿನಗೂ ಗೊತ್ತಿರುವ ಆ ಪುಸ್ತಕ. ಈ ವ್ಯತ್ಯಾಸ ನಮ್ಮ ಅಜ್ಜಿಗೂ ಗೊತ್ತು. ಅಲ್ಲಿಂದ ಶುರು ಮಾಡಿ. ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತಾರೆ ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದ ತಿರುಗಿಸುವುದರಲ್ಲಿ ಎಮ್ಮೆ ಕಾಯುವ ಹುಡುಗನೂ ತಪ್ಪುವುದಿಲ್ಲ; ಇಂಗ್ಲಿಷಿನ ವರ್ತಮಾನದಲ್ಲಿ ಅದೆಲ್ಲ ಸವೆದು ‘ಹಿ’, ‘ಶಿ’, ‘ಇಟ್’ಗಳ ಮುಂದೆ ಒಂದು ‘ಎಸ್’ ಉಳಿದಿದೆ ಅಷ್ಟೆ. ‘ಎದ್ದು, ಉಂಡು, ಹೊಲಕ್ಕೆ ಹೋಗಿ, ದುಡಿದು ಬಂದ’ ಎಂದು ನಾವು ಒಂದೇ ಉಸಿರಲ್ಲಿ ಪೋಣಿಸುತ್ತೇವೆ. ಇಂಗ್ಲಿಷ್ ಬರೆಯುವಾಗ ಅದನ್ನು ಎರಡು ಮೂರು ವಾಕ್ಯಕ್ಕೆ ಮುರಿಯಬೇಕು. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂಬುದು ‘ಐ ಆಮ್ ಹ್ಯಾವಿಂಗ್’ ಆಗಬಾರದು, ‘ಐ ಹ್ಯಾವ್’ ಸಾಕು. ಊರಿ‘ನಿಂದ’, ಮನೆ‘ಯೊಳಗೆ’ ಎಂದು ನಾವು ಹಿಂದೆ ಇಡುವುದನ್ನು ಅವರು ಮುಂದೆ ಇಡುತ್ತಾರೆ. ಇಷ್ಟನ್ನು ದಿನಕ್ಕೆ ಒಂದು ಪುಟ ಬರೆಸಿ, ತಿದ್ದಿ, ಮತ್ತೆ ಬರೆಸಿದರೆ ಹತ್ತುವುದಿಲ್ಲ ಎನ್ನುವುದು ಸುಳ್ಳು.

ಕೊನೆಗೆ ಒಂದು ಪಾಠ. ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಅಂತ ಪರೀಕ್ಷೆಗೆ ಕೇಳುತ್ತಾರೆ. ಇದನ್ನು ಬರೀ ಅಂಕಕ್ಕೆ ಕಲಿಸಬೇಡಿ. ‘ಪ್ರವೇಶ ನಿರಾಕರಿಸಲ್ಪಟ್ಟಿತು’ ಎಂದು ಬರೆದರೆ ನಿರಾಕರಿಸಿದವನು ಕಾಣೆಯಾಗುತ್ತಾನೆ. 2000ದ ಮಾರ್ಚ್ 11ರಂದು ಕೋಲಾರ ಸೀಮೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಪತ್ರಿಕೆ, ಕಡತ ಎಲ್ಲ ಕಡೆ ‘ಸುಡಲ್ಪಟ್ಟರು’. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕ್ರಿಯೆ ಇದೆ, ಕರ್ಮ ಇದೆ, ಕರ್ತೃ ಮಾತ್ರ ಇಲ್ಲ. ಈ ದೇಶದ ನ್ಯಾಯದ ವಾಕ್ಯದಲ್ಲಿ ಇದಕ್ಕಿಂತ ದೊಡ್ಡ ವ್ಯಾಕರಣದ ತಪ್ಪು ಇನ್ನೇನಿದೆ?

ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ಗ್ರಾಮರ್ ಕಲಿಯಿರಿ, ಕಲಿಸಿರಿ. ಹಾಸ್ಟೆಲ್ಲುಗಳಲ್ಲಿ ಸಂಜೆ ಒಂದು ಗಂಟೆ, ಕೇರಿಯ ಅಂಬೇಡ್ಕರ್ ಭವನದಲ್ಲಿ ಭಾನುವಾರ ಎರಡು ಗಂಟೆ ಇದಕ್ಕೆ ಕೊಡಿ. ಪಾಸಾದವನು ಫೇಲಾದವನಿಗೆ ಹೇಳಿಕೊಡಲಿ. ಸಾಹೇಬರ ಹಾಗೆ ಮಾತಾಡಿ ಮೆರೆಯೋದಕ್ಕಲ್ಲ. ಎಲ್ಲ ವಾಕ್ಯಗಳಲ್ಲೂ ‘ಮಾಡಿದವರು ಯಾರು?’ ಎಂದು ಕೇಳಲು, ಆ ಉತ್ತರವನ್ನು ಯಾವ ಕೋರ್ಟಿನ, ಯಾವ ದೇಶದ ಭಾಷೆಯಲ್ಲಿ ಬೇಕಾದರೂ ತಪ್ಪಿಲ್ಲದೆ ಬರೆಯಲು.